ಸೂರ್ಯನ ಅಂಚು ತೋರಿಸಿದ ಫಿಲ್ಟರ್ ಹಾಳೆ

ಟೆಲಿಸ್ಕೋಪಿನಲ್ಲಿ ಸೂರ್ಯನನ್ನು ನೋಡಲು ಬಾಡರ್ ಕಂಪನಿಯ ಆಸ್ಟ್ರೋಸೋಲಾರ್ ಫಿಲ್ಟರ್ ಹಾಳೆ ತೆಗೆದುಕೊಂಡು ಒಂದು ವರ್ಷವಾಯಿತು. ಎ4 ಅಳತೆಯ, ಕನ್ನಡಿ ಥರ ಹೊಳೆಯುವ ತೆಳು ಹಾಳೆ. ಬೆಳಕಿನ ಲಕ್ಷದಲ್ಲಿ ಒಂದು ಪಾಲನ್ನಷ್ಟೇ ಒಳಗೆ ಬಿಡುತ್ತದೆ.

ಮೊದಲು ನನ್ನ 70 ಮಿ.ಮೀ. ಟೆಲಿಸ್ಕೋಪಿನ ಜೊತೆ ಕಣ್ಣಿಡುವ ಕಡೆ ಕೂರಿಸುವ ಪುಟ್ಟ ಫಿಲ್ಟರ್ ಬಂದಿತ್ತು. ಹತ್ತು ನಿಮಿಷಕ್ಕೇ ಕಾದು ಚಟ್ ಅಂತ ಬಿರುಕು ಬಿಟ್ಟಿತು. ಪುಣ್ಯಕ್ಕೆ ಆಗ ಮಗಳು ಕಣ್ಣಿಟ್ಟಿರಲಿಲ್ಲ. ನಿಮ್ಮ ಹತ್ತಿರ ಅಂಥದ್ದಿದ್ದರೆ ಇವತ್ತೇ ಎಸೆದುಬಿಡಿ. ಫಿಲ್ಟರ್ ಟೆಲಿಸ್ಕೋಪಿನ ಮುಂದಿನ ಬಾಯಿಗೇ ಇರಬೇಕು. ನಾನು ಸೀರೆ ಡಬ್ಬದ ರಟ್ಟಿನಲ್ಲಿ ಮುಚ್ಚಳ ಮಾಡಿ ಹಾಳೆ ಅಂಟಿಸಿದೆ. ಬಿಗಿಯಾಗಿ ಎಳೆಯಬೇಡಿ, ಸ್ವಲ್ಪ ಸುಕ್ಕಿದ್ದರೂ ಚಿತ್ರ ಕೆಡುವುದಿಲ್ಲ.

ಕುವೆಂಪುನಗರದ ನಮ್ಮ ತಾರಸಿಯಲ್ಲಿ ಬೆಳಿಗ್ಗೆ ಎಂಟಕ್ಕೆ, ಸಂಡಿಗೆ ಹಾಕುವ ಮುಂಚೆ ನೋಡುತ್ತೇನೆ. ಹತ್ತಾದರೆ ಕಾಂಕ್ರೀಟ್ ಕಾದು ಸೂರ್ಯನ ಅಂಚು ಕುದಿಯುವ ಎಸರಿನ ಹಾಗೆ ಅಲುಗಾಡುತ್ತದೆ.

ಎಲ್ಲರೂ ಕಪ್ಪು ಕಲೆ ಹುಡುಕುತ್ತಾರೆ. ನೀವು ಅಂಚು ನೋಡಿ. ಅಲ್ಲಿ ಸೂರ್ಯ ತುಸು ಮಂಕು. ಆ ಮಂಕಿನ ಮೇಲೆ ಸುಣ್ಣದ ತಿಳಿ ಚೆಲ್ಲಿದಂಥ ಬಿಳಿ ಎಳೆಗಳಿರುತ್ತವೆ. ಅವೇ ಫ್ಯಾಕ್ಯುಲೇ. ಒಂದೊಂದು ಎಳೆಯೂ ಸಣ್ಣ ಸಣ್ಣ ಕಾಂತಕ್ಷೇತ್ರದ ಕೊಳವೆಗಳ ಗುಂಪು. ಒಂದು ಕೊಳವೆಯ ಅಗಲ ನೂರಿನ್ನೂರು ಕಿ.ಮೀ. ಇರಬಹುದು, ಬಲ ಮಾತ್ರ 1,000 ಗಾಸ್ (ಕಾಂತಕ್ಷೇತ್ರದ ಬಲ ಅಳೆಯುವ ಮಾನ) ದಾಟುತ್ತದೆ. ನಮ್ಮ ಭೂಮಿಯದು ಸುಮಾರು ಅರ್ಧ ಗಾಸ್ ಅಷ್ಟೇ! ಕೊಳವೆಯೊಳಗೆ ಕಾಂತಕ್ಷೇತ್ರವೇ ಒತ್ತಿ ನಿಂತಿರುವುದರಿಂದ ಅನಿಲ ಕಮ್ಮಿ, ನೋಟ ಆಳಕ್ಕೆ ಇಳಿಯುತ್ತದೆ. ಬಾವಿಗೆ ಪಕ್ಕದಿಂದ ಇಣುಕಿದರೆ ಎದುರು ಗೋಡೆ ಕಾಣುತ್ತದೆ ಅಲ್ವಾ? ಹಾಗೇ ಅಂಚಿನಲ್ಲಿ ಕೊಳವೆಯ ಬಿಸಿ ಗೋಡೆ ನಮ್ಮ ಕಣ್ಣಿಗೆ ಬೀಳುತ್ತದೆ. ಅದೇ ಎಳೆ ಸೂರ್ಯನ ನಡುವಿಗೆ ಬಂದರೆ ಈ ಟೆಲಿಸ್ಕೋಪಿನಲ್ಲಿ ಮಾಯ.

ಒಂದೊಂದೇ ಕೊಳವೆ ಇದರಲ್ಲಿ ಕಾಣುವುದಿಲ್ಲ. ಸಾವಿರ ಕಿ.ಮೀ.ಗಿಂತ ಚಿಕ್ಕದು ಇದಕ್ಕೆ ನಿಲುಕದು. ಅದಕ್ಕೆ ಹವಾಯಿಯಲ್ಲಿರುವ 4 ಮೀಟರ್ ಕನ್ನಡಿಯ ಇನೌಯೆ ದೂರದರ್ಶಕದಂಥದ್ದು ಬೇಕು. ಆದರೆ ಕಲೆಗಳ ಸುತ್ತ ಸಾಮಾನ್ಯವಾಗಿ ಈ ಎಳೆಗಳಿರುತ್ತವೆ; ಕಳೆದ ತಿಂಗಳು ಪೂರ್ವದ ಅಂಚಿನಲ್ಲಿ ಬಿಳಿ ಎಳೆ ನೋಡಿ, "ಇಲ್ಲಿಂದ ಕಲೆ ಬರುತ್ತೆ ನೋಡಮ್ಮ" ಅಂದಳು ಮಗಳು. ಮಾರನೇ ದಿನ ಸೂರ್ಯ ತಿರುಗಿದಂತೆ ಅಲ್ಲೇ ಕಲೆಯೊಂದು ಈಚೆ ಬಂದಿತ್ತು. ಕೊಟ್ಟ ದುಡ್ಡು ನನಗೆ ಅವತ್ತೇ ವಾಪಸ್ ಬಂದ ಹಾಗಾಯಿತು.

ಪ್ರತಿ ಸಲ ಹಾಳೆಯನ್ನು ಬಲ್ಬಿಗೆ ಹಿಡಿದು ತೂತಿದೆಯಾ ನೋಡಿಕೊಳ್ಳಿ. ಗುರಿ ಹಿಡಿಯಲು ಟೆಲಿಸ್ಕೋಪಿನ ಮೇಲಿರುವ ಪುಟ್ಟ ದುರ್ಬೀನು, ಅಂದರೆ ಫೈಂಡರ್, ಮುಚ್ಚಿಡಿ. ಮಿಕ್ಕ ಹಾಳೆಯಲ್ಲಿ ನಮ್ಮ ಬೈನಾಕ್ಯುಲರ್‌ನ ಎರಡೂ ಕಣ್ಣಿಗೆ ಮುಚ್ಚಳ ಆಯಿತು.