ಕೆರೆಗೆ ಗಾಳ ಹಾಕಲು ಎರೆಹುಳುವೋ, ಹಿಟ್ಟೋ?

ತುಮಕೂರು, ಶಿರಾ ಕಡೆಯ ಕೆರೆಗಳಿಗೆ ಹೊಸದಾಗಿ ಗಾಳ ಹಿಡಿದು ಹೊರಟವರು ಕೇಳುವ ಪ್ರಶ್ನೆ ಇದು. ನಿಮಗೆ ಯಾವ ಮೀನು ಬೇಕು ಅನ್ನೋದನ್ನ ಮೊದಲು ತೀರ್ಮಾನಿಸಿ.

ಜಿಲೇಬಿ ಮೀನಿಗೆ (ತಿಲಾಪಿಯಾ) ಎರೆಹುಳು ಒಳ್ಳೆಯದು. 10ನೇ ನಂಬರ್ ಗಾಳಕ್ಕೆ (ನಂಬರ್ ಹೆಚ್ಚಿದಷ್ಟು ಗಾಳ ಚಿಕ್ಕದು) ಪೋಣಿಸಿ, ಬಾಲ ಅರ್ಧ ಇಂಚು ಆಡುವಂತೆ ಬಿಡಿ. ಅದಕ್ಕಿಂತ ಉದ್ದ ಬಿಟ್ಟರೆ ಮರಿಮೀನುಗಳು ತುದಿ ಕಿತ್ತು ತಿನ್ನುತ್ತವೆ. ದಾರಕ್ಕೆ ಕಟ್ಟಿದ ತೇಲುವ ಬೆಂಡು ಕುಣಿಯುತ್ತದೆ, ಎಳೆದರೆ ಗಾಳ ಖಾಲಿ.

ದೊಡ್ಡ ರೋಹು, ಗೆಂಡೆಗೆ ಹಿಟ್ಟೇ ವಾಸಿ. ಒಂದು ಲೋಟ ಮೈದಾಗೆ ಅರ್ಧ ಲೋಟ ಕಡಲೆಕಾಯಿ ಹಿಂಡಿಯ ಪುಡಿ ಹಾಕಿ, ನೀರು ಚಿಮುಕಿಸುತ್ತಾ ಕೈಗೆ ಅಂಟದಷ್ಟು ಗಟ್ಟಿಯಾಗಿ ನಾದಿ. ಒದ್ದೆ ಬಟ್ಟೆ ಮುಚ್ಚಿ ಕಾಲು ಗಂಟೆ ಬಿಡಿ. 6ನೇ ನಂಬರ್ ಗಾಳಕ್ಕೆ ಚಿಕ್ಕ ಗೋಲಿಯಷ್ಟು ಉಂಡೆ ಸಾಕು. ಮನೆಯ ರಾಗಿಮುದ್ದೆ ಒಯ್ಯುವವರೂ ಇದ್ದಾರೆ. ರಾಗಿಗೆ ಮೈದಾದ ಜಿಗುಟಿಲ್ಲ, ಬೀಸಿದ ರಭಸಕ್ಕೇ ಉದುರುತ್ತದೆ. ಒಂದು ಹಿಡಿ ಮೈದಾ, ಒಂದೆರಡು ಎಳೆ ಹತ್ತಿ ಸೇರಿಸಿ ನಾದಿದರೆ ನಿಲ್ಲುತ್ತದೆ.

ಬಾಳಿಕೆಯಲ್ಲಿ ಹುಳುವೇ ಮೇಲು: ನೀರಲ್ಲಿ ಕರಗುವುದಿಲ್ಲ. ಹಿಟ್ಟನ್ನು ಹತ್ತು ನಿಮಿಷಕ್ಕೊಮ್ಮೆ ಬದಲಿಸಬೇಕು.

ಖರ್ಚು ಎರಡಕ್ಕೂ ಅಷ್ಟಿಲ್ಲ. ಮಳೆಗಾಲದಲ್ಲಿ ತಿಪ್ಪೆಯ ಅಂಚು ಅಗೆದರೆ ಹುಳು ಪುಕ್ಕಟೆ ಸಿಗುತ್ತದೆ. ಒದ್ದೆ ಮಣ್ಣಿನ ಡಬ್ಬಿಯಲ್ಲಿ, ನೆರಳಲ್ಲಿಡಿ. ಬೇಸಿಗೆಯಲ್ಲಿ ನೆಲ ಒಣಗಿ ಹುಳು ಆಳಕ್ಕಿಳಿದಾಗ ಹಿಟ್ಟೇ ಸುಲಭ.

ಮಕ್ಕಳ ಜೊತೆ ಹೋಗುವುದಾದರೆ ನನ್ನ ಒಲವು ಹುಳುವಿನ ಕಡೆಗೆ, ಮೀನುಗಳು ಬೇಗ ಕಚ್ಚುತ್ತವೆ. ದಿನವಿಡೀ ಕೂರುವ ತಾಳ್ಮೆಯಿದ್ದರೆ ಹಿಟ್ಟು. ಕೆರೆಯ ಮೀನು ಗುತ್ತಿಗೆಗೆ ಹೋಗಿದ್ದರೆ ಗುತ್ತಿಗೆದಾರರನ್ನು ಕೇಳಿಯೇ ಗಾಳ ಇಳಿಸಿ.