ಹಾಳೆ ತಟ್ಟೆ ಘಟಕಕ್ಕೆ ಸಬ್ಸಿಡಿ ಸಾಲ: ಕೊಟೇಶನ್ ನೋಡದೆ ಸಹಿ ಹಾಕಬೇಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ತೋಟದ ಮನೆಗಳವರಿಗೆ, ಅದರಲ್ಲೂ ಸ್ವಂತಕ್ಕೆ ಏನಾದರೂ ಮಾಡಬೇಕು ಎಂದುಕೊಂಡಿರುವ ಹೆಂಗಸರಿಗೆ ಇದನ್ನು ಬರೆಯುತ್ತಿದ್ದೇನೆ. "ಸರ್ಕಾರ 35% ಬಿಟ್ಟುಕೊಡ್ತದೆ, ನೀವು ಕೈಯಿಂದ ಒಂದು ರೂಪಾಯಿ ಹಾಕೋದು ಬೇಡ, ಕಾಗದಪತ್ರ ಎಲ್ಲಾ ನಮ್ಮದು" ಎಂದು ಯಾರಾದರೂ ಮನೆಗೆ ಬಂದರೆ ಚಹಾ ಕೊಟ್ಟು ಕಳಿಸಿ. ಸಹಿ ಕೊಡಬೇಡಿ. ನಾನು ಕೊಟ್ಟೆ, ಇನ್ನೂ ಕಂತು ಕಟ್ಟುತ್ತಿದ್ದೇನೆ.

2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ ನಿಷೇಧ ಬಂತು. ನಮ್ಮ ತೋಟದಲ್ಲಿ ಬೀಳುವ ಅಡಿಕೆ ಹಾಳೆಗೆ ಲೆಕ್ಕವಿಲ್ಲ. ಹಾಳೆ ತಟ್ಟೆ ಮಾಡೋಣ ಎನ್ನಿಸಿತು. ಸಣ್ಣ ಘಟಕ ಹಾಕುವವರಿಗೆ ಸಾಲದ ಜೊತೆ ಸಹಾಯಧನ ಕೊಡುವ ಕೇಂದ್ರ ಸರ್ಕಾರದ ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ) ಯೋಜನೆಯಲ್ಲಿ ಹಳ್ಳಿಯಲ್ಲಿ ಘಟಕ ಹಾಕುವ ಮಹಿಳೆಗೆ ಯೋಜನಾ ವೆಚ್ಚದ 35% ಸಹಾಯಧನವಿದೆ, ಸ್ವಂತ ಪಾಲು 5% ಮಾತ್ರ. ಸಾಮಾನ್ಯ ವರ್ಗದ ಗಂಡಸರಿಗಾದರೆ ಹಳ್ಳಿಯಲ್ಲಿ 25%, ಸ್ವಂತ ಪಾಲು 10%. ಯೋಜನೆ ಒಳ್ಳೆಯದೇ, ಅದರ ಮೇಲೆ ನನಗೆ ದೂರಿಲ್ಲ. ಆದರೆ ಅರ್ಜಿಯನ್ನು ಆನ್‌ಲೈನ್‌ನಲ್ಲಿ ದುಡ್ಡಿಲ್ಲದೆ ನಾವೇ ಹಾಕಬಹುದು ಎಂಬುದು ನನಗೆ ಗೊತ್ತಿರಲಿಲ್ಲ. ಪರಿಚಯದವರ ಮೂಲಕ ಬಂದ ಏಜೆಂಟ್ ಒಬ್ಬರು ಪ್ರಾಜೆಕ್ಟ್ ರಿಪೋರ್ಟ್‌ಗೆಂದು 60,000 ರೂಪಾಯಿ ತೆಗೆದುಕೊಂಡರು. ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿಗೆ ಬೇರೆ 3,500. ಆ ನೋಂದಣಿಗೆ ಸರ್ಕಾರ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ.

ಇವು ಸಣ್ಣ ಮಾತು. ದೊಡ್ಡದು ಕೊಟೇಶನ್, ಎಂದರೆ ಯಂತ್ರ ಮಾರುವವರು ಬರೆದುಕೊಡುವ ದರಪಟ್ಟಿ.

ಒಟ್ಟು ಯೋಜನೆ 16 ಲಕ್ಷದ್ದು. ಅದರಲ್ಲಿ ಯಂತ್ರ ಮತ್ತು ಡೈಗಳಿಗೆ (ತಟ್ಟೆ ಒತ್ತುವ ಅಚ್ಚುಗಳಿಗೆ) 9 ಲಕ್ಷ, ಮೇಲೆ 18% ಜಿಎಸ್‌ಟಿ ಸೇರಿ 10.62 ಲಕ್ಷ. ಉಳಿದದ್ದು ಶೆಡ್ಡಿಗೆ ಮತ್ತು ದುಡಿಯುವ ಬಂಡವಾಳಕ್ಕೆ, ಎಂದರೆ ಹಾಳೆ ಕೊಳ್ಳುವಂಥ ನಡೆಸುವ ಖರ್ಚಿಗೆ. ನನ್ನ 5% ಪಾಲು ಎಂದರೆ 80,000. "ಅಕ್ಕಾ, ನಿಮ್ಮ ಪಾಲು ನಾವೇ ಹಾಕ್ತೇವೆ. ಯಂತ್ರದ ರೇಟು ಕೊಟೇಶನ್‌ನಲ್ಲಿ ಸ್ವಲ್ಪ ಏರಿಸಿರ್ತೇವೆ, ಅದರಲ್ಲೇ ಸರಿಹೋಗ್ತದೆ" ಎಂದರು. ಎಷ್ಟು ಏರಿಸುತ್ತೀರಿ ಎಂದು ನಾನು ಕೇಳಲಿಲ್ಲ. ಕೈಯಲ್ಲಿ ಆಗ 80,000 ಇರಲಿಲ್ಲ, ಉಳಿಯಿತಲ್ಲ ಎಂದು ಸಮಾಧಾನವಾಯಿತು. ಸಾಲ ಮಂಜೂರಾದ ಮೇಲೆ ಬ್ಯಾಂಕು ಯಂತ್ರದ ಹಣವನ್ನು ನನ್ನ ಕೈಗೆ ಕೊಡದೆ ಮಾರಾಟಗಾರರ ಖಾತೆಗೇ ನೇರವಾಗಿ ಹಾಕಿತು. ನಿಯಮವೇ ಹಾಗೆ. ಏಜೆಂಟರೂ ಆ ಮಾರಾಟಗಾರರೂ ಒಂದೇ ಕಡೆಯವರು ಎಂಬುದು ತಿಳಿದದ್ದು ಆಮೇಲೆ.

ಮರುವರ್ಷ ಸಾಗರದ ಕಡೆ ನೆಂಟರ ಮನೆಗೆ ಹೋದಾಗ ಅವರ ಪಕ್ಕದ ಮನೆಯಲ್ಲಿ ಅದೇ ಯಂತ್ರ ನೋಡಿದೆ. ಅಷ್ಟೇ ಡೈ, ಅದೇ ಹೈಡ್ರಾಲಿಕ್. ಬಿಲ್ಲು ತೋರಿಸಿ ಎಂದೆ. 6 ಲಕ್ಷ, ಮೇಲೆ ಜಿಎಸ್‌ಟಿ. ಅಲ್ಲೇ ಜಗಲಿಯಲ್ಲಿ ಕೂತು ಲೆಕ್ಕ ಹಾಕಿದೆ. ನಾನು ಹೆಚ್ಚು ಕೊಟ್ಟದ್ದು 3 ಲಕ್ಷ, ಅದರ ಮೇಲಿನ ತೆರಿಗೆ 54,000. ಒಟ್ಟು 3.54 ಲಕ್ಷ. ಇದರಲ್ಲಿ 35% ಸಬ್ಸಿಡಿ ಕಳೆದರೂ 2.30 ಲಕ್ಷ ನನ್ನ ಸಾಲ, ಬಡ್ಡಿ ಬೇರೆ. ಅವರು "ಹಾಕಿಕೊಟ್ಟ" 80,000ಕ್ಕೆ ನಾನು ತೆತ್ತ ಬೆಲೆ ಇದು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಏರಿಸಿದ ಬಿಲ್ಲು ಎಂದರೆ ಸುಳ್ಳು ಬಿಲ್ಲು. ಅದಕ್ಕೆ ಒಪ್ಪಿದವಳು ನಾನೂ. ದೂರು ಕೊಡಲು ಹೋದರೆ ಮೊದಲ ಪ್ರಶ್ನೆ ನನಗೇ ಬರುತ್ತದೆ. ನಿಮ್ಮ ಪಾಲು ನಾವು ಹಾಕುತ್ತೇವೆ ಎನ್ನುವವರು ಹಾಗೆ ನಮ್ಮ ಬಾಯಿ ಕಟ್ಟುತ್ತಾರೆ.

"ಯಂತ್ರದ ಜಿಎಸ್‌ಟಿ ವಾಪಸ್ ಬರ್ತದೆ" ಎಂದೂ ಹೇಳಿದ್ದರು. ಬರುವುದಿಲ್ಲ. ಎಲೆ, ಹಾಳೆಯ ತಟ್ಟೆಗಳಿಗೆ 2019ರ ಅಕ್ಟೋಬರ್‌ನಿಂದ ಜಿಎಸ್‌ಟಿ ಇಲ್ಲ. ಕೇಳಲು ಚೆಂದ. ಆದರೆ ಮಾರುವ ಮಾಲಿಗೆ ತೆರಿಗೆಯೇ ಇಲ್ಲದಿದ್ದರೆ, ಅದನ್ನು ತಯಾರಿಸುವ ಯಂತ್ರಕ್ಕೆ ಕಟ್ಟಿದ ತೆರಿಗೆಯನ್ನು ಮುರಿದುಕೊಳ್ಳಲು ದಾರಿಯಿಲ್ಲ. 1.62 ಲಕ್ಷವೂ ನನ್ನ ಖರ್ಚೇ. ಇದನ್ನು ಶಿರಸಿಯ ಆಡಿಟರ್ ಒಬ್ಬರು ಐದು ನಿಮಿಷದಲ್ಲಿ ತಿಳಿಸಿಕೊಟ್ಟರು. ಅವರ ಬಳಿ ಮೊದಲೇ ಹೋಗಬೇಕಿತ್ತು.

ಇನ್ನು ಸಬ್ಸಿಡಿ. 5.60 ಲಕ್ಷ ನನ್ನ ಉಳಿತಾಯ ಖಾತೆಗೆ ಬೀಳುತ್ತದೆ ಎಂದೇ ನಂಬಿದ್ದೆ. ಬ್ಯಾಂಕಿನ ಹುಡುಗಿ ಕಂಪ್ಯೂಟರ್ ಪರದೆ ನನ್ನ ಕಡೆ ತಿರುಗಿಸಿ, "ಅಕ್ಕಾ, ಇದು ನಿಮ್ಮ ಸಾಲದ ಎದುರಿಗೆ ಠೇವಣಿಯಾಗಿ ಇರ್ತದೆ. ಮೂರು ವರ್ಷ ಯಾರೂ ಮುಟ್ಟೋ ಹಾಗಿಲ್ಲ" ಎಂದಳು. ಆ ಠೇವಣಿಗೆ ಬಡ್ಡಿ ಇಲ್ಲ, ಅಷ್ಟು ಮೊತ್ತದ ಸಾಲಕ್ಕೂ ಬಡ್ಡಿ ಹಾಕುವುದಿಲ್ಲ. ಮೂರು ವರ್ಷ ಘಟಕ ನಡೆದು, ಬಂದು ಪರಿಶೀಲಿಸಿ ಸರಿ ಎಂದಮೇಲೆ ಅದು ಸಾಲಕ್ಕೆ ಜಮೆ. ನನ್ನದು 2026ರ ನವೆಂಬರ್‌ಗೆ. ದುಡಿಯುವ ಬಂಡವಾಳದ ಮಿತಿಯನ್ನು ಆ ಮೂರು ವರ್ಷದೊಳಗೆ ಒಮ್ಮೆಯಾದರೂ ಪೂರ್ತಿ ಬಳಸಿರಬೇಕು, ಸರಾಸರಿ 75%ಕ್ಕೆ ಕಡಿಮೆ ಇರಬಾರದು, ಇಲ್ಲದಿದ್ದರೆ ಆ ಪಾಲಿನ ಸಬ್ಸಿಡಿ ಹಿಂದಕ್ಕೆ ಹೋಗುತ್ತದೆ ಎಂಬುದನ್ನೂ ಅವಳೇ ಹೇಳಿದ್ದು.

ನಮ್ಮ ಮಳೆಗಾಲ ಯಾವ ಪ್ರಾಜೆಕ್ಟ್ ರಿಪೋರ್ಟಿನಲ್ಲೂ ಇರುವುದಿಲ್ಲ. ನನ್ನದರಲ್ಲಿ ಹನ್ನೆರಡು ತಿಂಗಳೂ ಒಂದೇ ಉತ್ಪಾದನೆ ತೋರಿಸಿದ್ದರು. ಯಂತ್ರ ಬಂದದ್ದು ಜೂನ್‌ನಲ್ಲಿ. ತ್ರೀಫೇಸ್ ಕರೆಂಟ್ ಸಿಗುವಾಗ ಸೆಪ್ಟೆಂಬರ್. ಅವಸರದಲ್ಲಿ ಅಟ್ಟಕ್ಕೆ ಹಾಕಿದ ಹಾಳೆಗಳನ್ನು ಇಳಿಸಿದರೆ ಒಳಮೈಯೆಲ್ಲ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ, ಮುಟ್ಟಿದರೆ ಕೈಗೆ ಬೂಸು. ತೊಳೆದು ಒತ್ತಿದರೂ ಚುಕ್ಕೆ ತಟ್ಟೆಯಲ್ಲಿ ಉಳಿಯಿತು. ಒಂದನ್ನೂ ಮಾರಲಿಲ್ಲ, ಊಟಕ್ಕೆ ಕೊಡುವ ತಟ್ಟೆ ಅದು. ಫೆಬ್ರವರಿಯಿಂದ ಮೇ ಒಳಗೆ ಒಣಗಿದ ಹಾಳೆ ಕೊಂಡು ಬೆಚ್ಚಗೆ ಇಡಲು ಹಣ ಬೇಕು. ಯಂತ್ರದ ಬೆಲೆ ಏರಿಸಿದ್ದರಿಂದ ನನ್ನ ಯೋಜನೆಯಲ್ಲಿ ಅದಕ್ಕೆ ಉಳಿದದ್ದು ಎರಡೇ ಲಕ್ಷ. ಅಷ್ಟರಲ್ಲಿ ಆರು ತಿಂಗಳ ಕಂತಿನ ಬಿಡುವು ಮುಗಿದಿತ್ತು. ಮೊದಲ ನಾಲ್ಕು ಕಂತು ಅಡಿಕೆ ಮಾರಿದ ದುಡ್ಡಿನಲ್ಲಿ ಕಟ್ಟಿದೆವು.

ಆಗ ಜಾರಿಯಲ್ಲಿದ್ದ ರಾಜ್ಯದ ಕೈಗಾರಿಕಾ ನೀತಿಯಲ್ಲಿ ಸಣ್ಣ ಘಟಕಗಳ ಸಾಲಪತ್ರಕ್ಕೆ ಮುದ್ರಾಂಕ ಶುಲ್ಕದ ವಿನಾಯಿತಿ ಇತ್ತು. ಅದು ಕಿವಿಗೆ ಬಿದ್ದದ್ದು ಶುಲ್ಕ ಕಟ್ಟಿ ಎಷ್ಟೋ ತಿಂಗಳ ಮೇಲೆ. ಘಟ್ಟ ಇಳಿದು ಕುಮಟಾ, ಅಂಕೋಲಾ ದಾಟಿ ಕಾರವಾರದ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋದರೆ, ಪತ್ರ ಮಾಡಿಸುವ ಮೊದಲೇ ಇಲ್ಲಿಂದ ಪ್ರಮಾಣಪತ್ರ ಒಯ್ಯಬೇಕಿತ್ತು ಎಂದರು. ಕಾರವಾರ ದೂರ, ಒಂದು ದಿನ ಪೂರ್ತಿ ಹೋಗುತ್ತದೆ, ನಿಜ. ಆದರೂ ಅರ್ಜಿ ಹಾಕುವ ಮೊದಲು ಒಮ್ಮೆ ಹೋಗಿ ಬನ್ನಿ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು, ಯಾರೂ ದುಡ್ಡು ಕೇಳಲಿಲ್ಲ.

ಯಂತ್ರಕ್ಕೆ ಕಡಿಮೆಯೆಂದರೂ ಮೂರು ಕಡೆಯ ಕೊಟೇಶನ್ ನೀವೇ ತರಿಸಿ, ಏಜೆಂಟರ ಕೈಯಿಂದ ಬೇಡ. ಅದೇ ಯಂತ್ರ ಓಡಿಸುತ್ತಿರುವವರ ಮನೆಗೆ ಹೋಗಿ ಬಿಲ್ಲು ನೋಡಿ. ಸಬ್ಸಿಡಿ ಇಲ್ಲವೆಂದೇ ಇಟ್ಟುಕೊಂಡು, ವರ್ಷಕ್ಕೆ ಎಂಟೇ ತಿಂಗಳ ಉತ್ಪಾದನೆ ಹಿಡಿದು ಕಂತು ಕಟ್ಟಲಾಗುತ್ತದೆಯೇ ಎಂದು ಲೆಕ್ಕ ಹಾಕಿ. ಕೊಟೇಶನ್ ಈಗಾಗಲೇ ಕೈಗೆ ಬಂದಿದ್ದರೆ ಸಹಿಗೆ ಮೊದಲು ನನಗೊಂದು ಸಂದೇಶ ಕಳಿಸಿ. ನನ್ನ ಬಿಲ್ಲನ್ನೂ ಸಾಗರದವರ ಬಿಲ್ಲಿನ ಪ್ರತಿಯನ್ನೂ ಇಟ್ಟುಕೊಂಡಿದ್ದೇನೆ, ಮೂರನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡೋಣ.