ಹಳೇ ಮ್ಯಾಪಿಗೆ ಹೊತ್ತು ಗೊತ್ತು, ಹೊಸದಕ್ಕೆ ಗೇಟು ಗೊತ್ತು

ಮನೆ ಮನೆಗೆ ಹೋಗಿ ರಕ್ತದ ಸ್ಯಾಂಪಲ್ ತೆಗೆದು ಲ್ಯಾಬಿಗೆ ಮುಟ್ಟಿಸುವುದು ನನ್ನ ಕೆಲಸ. ಬೆಳಗ್ಗೆ ಆರಕ್ಕೆ ಸ್ಕೂಟರ್ ಹತ್ತಿದರೆ ಹತ್ತರೊಳಗೆ ಎಂಟೊಂಬತ್ತು ಮನೆ ಮುಗಿಯಬೇಕು. ರಾಜಾಜಿನಗರ, ಮಲ್ಲೇಶ್ವರ, ಮಹಾಲಕ್ಷ್ಮಿ ಲೇಔಟ್, ಬಸವೇಶ್ವರನಗರ, ಇಷ್ಟು ನನ್ನ ಸರಹದ್ದು. ಫಾಸ್ಟಿಂಗ್ ಶುಗರ್ ಕೊಡುವವರು ರಾತ್ರಿ ಉಂಡವರು ಬೆಳಗ್ಗೆ ಕಾಫಿ ಕೂಡ ಮುಟ್ಟದೆ ಬಾಗಿಲಲ್ಲೇ ಕೂತಿರುತ್ತಾರೆ. ಹತ್ತು ನಿಮಿಷ ತಡವಾದರೂ ಮುಖ ಗಂಟಾಗುತ್ತದೆ. ತಪ್ಪು ಅವರದಲ್ಲ, ಕಾಫಿಯದು.

ಎಂಟು ವರ್ಷದಿಂದ ಒಂದೇ ಮ್ಯಾಪ್ ನಂಬಿಕೊಂಡಿದ್ದೆ. ಈ ಸಲ ಬೇರೆ ಕಂಪನಿಯದನ್ನು ಹಾಕಿಕೊಳ್ಳಲು ಕಾರಣ ಮಲ್ಲೇಶ್ವರದ ಒಂದು ಮನೆ. 'ನೀವು ತಲುಪಿದ್ದೀರಿ' ಅಂದಾಗ ನಾನು ನಿಂತದ್ದು ಮನೆಗಳ ಬೆನ್ನಿಗಿರುವ ಕನ್ಸರ್ವೆನ್ಸಿ ಗಲ್ಲಿಯಲ್ಲಿ. ಎದುರಿಗೆ ಹಿತ್ತಿಲ ಗೋಡೆ, ಗೋಡೆಯಾಚೆ ನಾಯಿ. ಫೋನ್ ಮಾಡಿದರೆ ಅಜ್ಜಿ, 'ಗೇಟಲ್ಲೇ ನಿಂತಿದೀನಲ್ಲಪ್ಪ, ನೀನೆಲ್ಲಿ?' ಅಂದರು. ಪಿನ್ ಸರಿಯಾಗಿಯೇ ಇತ್ತು, ಮನೆಯ ಮೇಲೇ ಕೂತಿತ್ತು. ಆ ಚುಕ್ಕೆಗೆ ತೀರಾ ಹತ್ತಿರದ ದಾರಿ ಹಿಂದಿನ ಗಲ್ಲಿ ಎಂದು ಲೆಕ್ಕ ಹಾಕಿ ಕರೆತಂದಿತ್ತು. ನಡುವೆ ಗೋಡೆ ಇದೆ ಅನ್ನುವುದು ಆ ಲೆಕ್ಕದಲ್ಲಿ ಇರಲಿಲ್ಲ. ಸುತ್ತಿ ಬರುವಷ್ಟರಲ್ಲಿ ಅಜ್ಜಿ ಒಳಗೆ ಹೋಗಿ ಡಿಕಾಕ್ಷನ್‌ಗೆ ನೀರಿಟ್ಟಿದ್ದರು.

ಎರಡು ಆ್ಯಪ್‌ಗಳ ಹೆಸರನ್ನೂ ಬರೆಯುವುದಿಲ್ಲ. ನಾನು ಕಂಡ ತಪ್ಪು ಮುಂದಿನ ಅಪ್‌ಡೇಟಿನಲ್ಲಿ ಸರಿಹೋಗಬಹುದು, ಬೈದದ್ದು ಮಾತ್ರ ಉಳಿದುಬಿಡುತ್ತದೆ. ಬದಲಿಸಬೇಕೆನ್ನುವವರಿಗೆ ಆಯ್ಕೆಗೇನೂ ಬರವಿಲ್ಲ. ಗೂಗಲ್ ಮ್ಯಾಪ್ಸ್ ಶುರುವಾದದ್ದು 2005ರಲ್ಲಿ. ಅದಕ್ಕೂ ಹತ್ತು ವರ್ಷ ಮೊದಲೇ, 1995ರಲ್ಲಿ, ನಮ್ಮ ದೇಶದ ಮ್ಯಾಪ್‌ಮೈಇಂಡಿಯಾ ಹುಟ್ಟಿತ್ತು. ಅವರ ಆ್ಯಪ್ ಮ್ಯಾಪಲ್ಸ್. ನಮ್ಮೂರಿನ ಓಲಾ 2024ರಲ್ಲಿ ಸ್ವಂತ ಮ್ಯಾಪಿಗೆ ಬದಲಾಯಿತು. ಐಫೋನಿನವರಿಗೆ 2012ರಿಂದ ಆ್ಯಪಲ್‌ನದೇ ಇದೆ. ಜನರೇ ಸೇರಿ ಬರೆಯುವ ಓಪನ್‌ಸ್ಟ್ರೀಟ್‌ಮ್ಯಾಪ್ 2004ರದು. ನನ್ನಂಥವರು ಮೊದಲು ನೋಡಬೇಕಾದ್ದು ಸ್ಕೂಟರಿನ ಚಿತ್ರ ಇದೆಯೋ ಇಲ್ಲವೋ ಅಂತ. ಗೂಗಲ್ ದ್ವಿಚಕ್ರ ವಾಹನಕ್ಕೆಂದೇ ದಾರಿ ತೋರಿಸಲು ಶುರುಮಾಡಿದ್ದು 2017ರ ಡಿಸೆಂಬರಿನಲ್ಲಿ, ಅದೂ ಭಾರತದಲ್ಲೇ ಮೊದಲು. ಕಾರಿನ ದಾರಿ ಹಿಡಿದು ಹೋದರೆ ನನ್ನ ಐಸ್ ಬಾಕ್ಸಿನಲ್ಲಿ ಐಸ್ ಉಳಿಯುವುದಿಲ್ಲ.

ಮೂರು ವಾರ ಓಡಿಸಿದೆ. ಮೊದಲ ವಾರ ಹಳೆಯದು, ಎರಡನೇ ವಾರ ಹೊಸದು, ಮೂರನೇ ವಾರ ಎರಡು ಫೋನಿನಲ್ಲಿ ಎರಡೂ.

ಅಡ್ರೆಸ್ ಹುಡುಕುವುದರಲ್ಲಿ ಹೊಸದೇ ಮೇಲು, ಅದೂ ಸ್ವಲ್ಪ ಅಲ್ಲ. ಬೆಂಗಳೂರಿನ ಅಡ್ರೆಸ್ ಅಂದರೆ ನಿಮಗೆ ಗೊತ್ತೇ ಇದೆ. ಬರೀ '5ನೇ ಕ್ರಾಸ್' ಅಂದರೆ ಯಾವ ಬಡಾವಣೆಯಲ್ಲೂ ಒಂದು ಸಿಗುತ್ತದೆ. 4ನೇ ಕ್ರಾಸ್ ಆದಮೇಲೆ 5 ಬರುತ್ತದೆ ಅಂದುಕೊಂಡರೆ ಮಧ್ಯೆ 4 'ಎ', 4 'ಬಿ' ನುಗ್ಗಿರುತ್ತವೆ. ಗೇಟಿನ ಮೇಲೆ ಹಳೇ ನಂಬರೊಂದು, ಹೊಸ ನಂಬರೊಂದು. ಹಳೇ ಆ್ಯಪ್ ಇಂಥ ಕಡೆ ಬೀದಿಯ ಬಾಯಿಗೆ ತಂದು ಕೈಬಿಡುತ್ತಿತ್ತು. ಅಲ್ಲಿಂದಾಚೆ ಇಸ್ತ್ರಿ ಗಾಡಿಯವರೇ ಗತಿ. ಹೊಸದು 'ಎ' ಕ್ರಾಸನ್ನೂ 'ಬಿ' ಕ್ರಾಸನ್ನೂ ಬೇರೆಬೇರೆಯಾಗಿ ಗುರುತಿಸಿತು. ಒಂದು ವಾರದ 50 ಮನೆಗಳಲ್ಲಿ 41ಕ್ಕೆ ಗೇಟಿನ ಮುಂದೆಯೇ ನಿಲ್ಲಿಸಿತು. ಹಳೆಯದರ ವಾರದಲ್ಲಿ ಹೊಸ ಮನೆಗಳಲ್ಲಿ ಅರ್ಧಕ್ಕರ್ಧ ಫೋನ್ ಮಾಡಿ ಕೇಳಬೇಕಾಗಿತ್ತು. ಮಲ್ಲೇಶ್ವರದ ಅದೇ ಅಜ್ಜಿಯ ಮನೆಗೂ ಹೊಸದು ಮುಂಬಾಗಿಲಿಗೇ ಒಯ್ದಿತು. 'ಇವತ್ತು ಹಿತ್ತಲಿಗೆ ಹೋಗಲಿಲ್ವೇನಪ್ಪ?' ಅಂದರು.

ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ ಡಿಜಿಪಿನ್ ಅಂತ ತಂದಿದೆ. ದೇಶವನ್ನೆಲ್ಲ ಸುಮಾರು 4 ಮೀಟರ್ ಉದ್ದಗಲದ ಚೌಕಗಳಾಗಿ ಮಾಡಿ, ಪ್ರತಿ ಚೌಕಕ್ಕೂ 10 ಅಕ್ಷರದ ಗುರುತು ಕೊಟ್ಟಿದ್ದಾರೆ. ಅದನ್ನು ಎಲ್ಲರೂ ಕೊಟ್ಟುಬಿಟ್ಟರೆ ನನ್ನ ಅರ್ಧ ಗೋಳು ತೀರಿತು. ಇಲ್ಲಿಯತನಕ ಒಬ್ಬರೂ ಕೊಟ್ಟಿಲ್ಲ. 'ಗಣೇಶನ ಗುಡಿ ಹತ್ರ ಬಂದು ಫೋನ್ ಮಾಡಿ' ಅನ್ನುವುದೇ ನಡೆದಿದೆ.

ಹೊತ್ತಿನ ಲೆಕ್ಕಕ್ಕೆ ಬಂದರೆ ಕಥೆ ತಿರುಗುಮುರುಗು. ಏಳು ಗಂಟೆವರೆಗೆ ಎರಡಕ್ಕೂ ವ್ಯತ್ಯಾಸವಿಲ್ಲ, ರಸ್ತೆ ಖಾಲಿ. ಎಂಟೂವರೆ ಆಗಿ ಸ್ಕೂಲ್ ವ್ಯಾನುಗಳು ಬೀದಿಗಿಳಿದ ಮೇಲೆ ಹೊಸದರ ಮಾತು ನಂಬುವಂತಿಲ್ಲ. ಮಹಾಲಕ್ಷ್ಮಿ ಲೇಔಟಿನಿಂದ ಲ್ಯಾಬಿಗೆ 14 ನಿಮಿಷ ಅಂದಿತ್ತು. ನವರಂಗ್ ಹತ್ತಿರ ಕಾಲೂರಿ ನಿಂತಾಗಲೂ ಅದರ ಗೆರೆ ಹಸಿರಾಗಿಯೇ ಇತ್ತು. ತಲುಪಿದ್ದು 26 ನಿಮಿಷಕ್ಕೆ. ಪಕ್ಕದ ಫೋನಿನಲ್ಲಿ ಹಳೆಯದು ಹೊರಡುವಾಗಲೇ 24 ಅಂದು ಕೆಂಪು ಬಳಿದಿತ್ತು. ಇದರಲ್ಲಿ ಜಾಣತನಕ್ಕಿಂತ ತಲೆ ಎಣಿಕೆಯೇ ದೊಡ್ಡದು. ರಸ್ತೆ ಮೇಲಿರುವ ಫೋನುಗಳು ಎಷ್ಟು ವೇಗದಲ್ಲಿ ಸರಿಯುತ್ತಿವೆ ಅನ್ನುವುದರಿಂದಲೇ ಟ್ರಾಫಿಕ್ಕಿನ ಬಣ್ಣ ಹುಟ್ಟುವುದು. ಹೆಚ್ಚು ಜನ ಬಳಸುವ ಆ್ಯಪ್‌ಗೆ ಪ್ರತಿ ಸಿಗ್ನಲ್ಲಿನಲ್ಲೂ ನೂರು ಕಣ್ಣು. ಕಡಿಮೆ ಜನ ಬಳಸುವುದಕ್ಕೆ ಕೆಲವು ರಸ್ತೆಯಲ್ಲಿ ನಾನೊಬ್ಬನೇ ಕಣ್ಣು. ನಾನೂ ಗಾಡಿಗಳ ಸಂದಿಯಲ್ಲಿ ನುಸುಳಿಕೊಂಡು ಹೋಗುವವನು, ಅದಕ್ಕೇ ಅದು ಹಸಿರು ಬಳಿಯಿತೋ ಏನೋ.

ಫ್ಲೈಓವರಿನಲ್ಲಿ ಎರಡೂ ಸೋತವು. ಯಶವಂತಪುರದಲ್ಲಿ ನಾನು ಕೆಳಗಿನ ರಸ್ತೆಯಲ್ಲಿದ್ದರೂ ಎರಡೂ ಫೋನು ನನ್ನನ್ನು ಮೇಲೆ ಓಡಿಸುತ್ತಿದ್ದವು. ಬಯಲಲ್ಲಿ ನಿಂತ ಫೋನಿಗೇ ಸುಮಾರು 5 ಮೀಟರ್ ಆಚೀಚೆ ಆಗುತ್ತದೆ, ಎತ್ತರದ ಲೆಕ್ಕ ಇನ್ನೂ ಹೆಚ್ಚು ತಪ್ಪುತ್ತದೆ. ಮೇಲೆ ಕಾಂಕ್ರೀಟ್ ಚಪ್ಪರ ಇದ್ದರೆ ಕೇಳುವುದೇ ಬೇಡ. ಅಂಥ ಕಡೆ ಬೋರ್ಡ್ ನೋಡಿ ಗಾಡಿ ಓಡಿಸುವುದೇ ವಾಸಿ.

ಧ್ವನಿ ಎರಡರಲ್ಲೂ ಕನ್ನಡಕ್ಕಿಟ್ಟಿದ್ದೆ. ಹಳೆಯದರ ಕನ್ನಡ ದೂರದರ್ಶನದ ವಾರ್ತೆಯ ಹಾಗೆ, ಸೊಗಸಿಲ್ಲದಿದ್ದರೂ ತಿಳಿಯುತ್ತದೆ. ಹೊಸದು ಕಾರ್ಡ್ ರೋಡನ್ನು 'ಚೋರ್ಡ್ ರೋಡ್' ಅಂತ ಓದಿತು. ಇಂಗ್ಲಿಷ್ ಸ್ಪೆಲ್ಲಿಂಗನ್ನು ಅಕ್ಷರಕ್ಕಕ್ಷರ ಕನ್ನಡಕ್ಕೆ ಇಳಿಸಿದ್ದಾರೆ ಅಂತ ಕಾಣುತ್ತದೆ. ಹೆಲ್ಮೆಟ್ಟಿನೊಳಗೆ ಕೇಳಿಸಿದ್ದು 'ಚೋರ ರೋಡ್'. ಹಂಪ್ ಬರುವ ಮುಂಚೆ ಎಚ್ಚರಿಸುವುದು ಮಾತ್ರ ಹೊಸದರ ಉಪಕಾರ. ಟ್ಯೂಬು ಕುಲುಕಿದರೆ ರಕ್ತಕಣ ಒಡೆದು ಸ್ಯಾಂಪಲ್ ಹಾಳಾಗುತ್ತದೆ, ಮತ್ತೆ ಹೋಗಿ ಚುಚ್ಚಬೇಕು. ಬ್ಯಾಟರಿ ಎರಡೂ ಒಂದೇ ಸಮ ನೆಕ್ಕುತ್ತವೆ.

ಬದಲಿಸುವಾಗ ನಿಜವಾಗಿ ನೋವಾದದ್ದು ಸೇವ್ ಮಾಡಿಟ್ಟ ಜಾಗಗಳದ್ದು. ಎಂಟು ವರ್ಷದಲ್ಲಿ 200ಕ್ಕೂ ಹೆಚ್ಚು ಮನೆ ಗುರುತು ಹಾಕಿದ್ದೆ. ಪೇಷಂಟ್ ಹೆಸರು ಬರೆಯುವುದು ಸರಿಯಲ್ಲ ಅಂತ ನನ್ನದೇ ಭಾಷೆಯಲ್ಲಿ: 'ನೀಲಿ ಗೇಟು, ಬೆಲ್ ಕೆಟ್ಟಿದೆ', 'ಮೂರನೇ ಮಹಡಿ, ಲಿಫ್ಟಿಲ್ಲ', 'ನರ ಸಿಗಲ್ಲ, ಬಲಗೈ ನೋಡು', 'ನಾಯಿ ಕಟ್ಟಲು ಹೇಳು'. ಫೈಲಾಗಿ ಇಳಿಸಿಕೊಂಡೆನಾದರೂ ಹೊಸದು ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಹಳೇ ಆ್ಯಪ್ ಬುದ್ಧಿವಂತ ಅಂತ ಇಷ್ಟು ದಿನ ಹೊಗಳಿದ್ದರಲ್ಲಿ ಎಷ್ಟೋ ಪಾಲು ನಾನೇ ಬರೆದಿಟ್ಟದ್ದು. ಭಾನುವಾರ ಮಧ್ಯಾಹ್ನ ಕೂತು ಒಂದೊಂದಾಗಿ ಕೈಯಲ್ಲೇ ಹಾಕುತ್ತಿದ್ದೇನೆ.

ನೀವು ದಿನಾ ಅದೇ ಆಫೀಸಿಗೆ ಹೋಗಿಬರುವವರಾದರೆ ಬದಲಿಸಬೇಡಿ. ನಿಮಗೆ ಬೇಕಾದ್ದು ಹೊತ್ತು. ದಿನಕ್ಕೆ ನಾಲ್ಕು ಹೊಸ ಮನೆ ಹುಡುಕುವ ಕೆಲಸವಾದರೆ ಹೊಸದನ್ನು ಹಾಕಿಕೊಳ್ಳಿ, ಆದರೆ ಹಳೆಯದನ್ನು ಅಳಿಸಬೇಡಿ. ನನ್ನ ಹ್ಯಾಂಡಲ್ ಮೇಲೆ ಈಗ ಹೊಸದಿದೆ. ಎಂಟೂವರೆ ಆದಮೇಲೆ, ಕೊನೆಯ ಮನೆಯ ಮೆಟ್ಟಿಲಿಳಿಯುವಾಗ, ಜೇಬಿನಿಂದ ಹಳೆಯದನ್ನು ತೆಗೆದು ಲ್ಯಾಬಿಗೆ ಎಷ್ಟು ಹೊತ್ತು ಅಂತ ಕೇಳುತ್ತೇನೆ. ಇನ್ನೂ ಎಪ್ಪತ್ತು ಮನೆ ಹಾಕುವುದಿದೆ.